ಮೂರು ಬಾಗಿಲ ಲೆಕ್ಕ: ಬದಲಾಯಿಸಿದರೂ 50ರ ಮೇಲೆ ಏರುತ್ತಿಲ್ಲ, ಯಾರಾದರೂ ನೋಡಿ

ಸೇಡಂ ರಸ್ತೆ (ಕಲಬುರಗಿ): ಮೂರು ದಿನದಿಂದ ತಲೆ ಕೆಟ್ಟು ಹೋಗಿದೆ. ಮಾಂಟಿ ಹಾಲ್ ಲೆಕ್ಕವನ್ನು (ಟಿವಿ ಆಟದ ಮೂರು ಬಾಗಿಲ ಒಗಟು) ಪೈಥಾನ್ ಪ್ರೋಗ್ರಾಂ ಆಗಿ ಬರೆದಿದ್ದೇನೆ. ಒಂದು ಬಾಗಿಲ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನಾನೊಂದು ಆರಿಸುತ್ತೇನೆ, ನಿರೂಪಕ ಇನ್ನೊಂದು ತೆರೆದು ಮೇಕೆ ತೋರಿಸುತ್ತಾನೆ, ನಾನು ಬದಲಾಯಿಸುತ್ತೇನೆ. ನೂರಕ್ಕೆ ಸುಮಾರು 66 ಸಲ ಕಾರು ಬರಬೇಕಿತ್ತು. ಲಕ್ಷ ಸಲ ಓಡಿಸಿದರೂ 50. ನಾಳೆ ಪಿಯು ಮಕ್ಕಳಿಗೆ ತೋರಿಸಬೇಕು.

ಬೀದರ್ ಕೋಟೆ: ಸೀಡ್ (ರ‍್ಯಾಂಡಮ್ ಸಂಖ್ಯೆಗಳು ಶುರುವಾಗುವ ಅಂಕಿ) ಒಂದೇ ಇಟ್ಟಿರುತ್ತೀರಿ. ತೆಗೆಯಿರಿ.

ಸೇಡಂ ರಸ್ತೆ: ತೆಗೆದೆ. 49.9.

ಬೀದರ್ ಕೋಟೆ: ಹಾಗಾದರೆ ನಂಪೈ (ಪೈಥಾನ್‌ನ ಲೆಕ್ಕದ ಲೈಬ್ರರಿ) ಹಾಕಿ ನೋಡಿ, ಸೀಡ್‌ದೇ ತೊಂದರೆ. ನನ್ನ 32 ಜಿಬಿ ಮಷೀನ್‌ನಲ್ಲಿ ಕೋಟಿ ಸಲ ಓಡಿಸುತ್ತೇನೆ, ಇನ್ವರ್ಟರ್ ಇದೆ, ಕರೆಂಟ್ ಹೋದರೂ ನಿಲ್ಲುವುದಿಲ್ಲ.

ಶಹಾಪುರ ತೊಗರಿ: 50 ಸರಿಯಾಗಿಯೇ ಇದೆ. ಉಳಿದದ್ದು ಎರಡೇ ಬಾಗಿಲು ಅಲ್ವಾ?

ಆಳಂದ ನಾಕಾ: ಸರಿಯಿಲ್ಲ. 1990ರಲ್ಲಿ ಅಂಕಣಗಾರ್ತಿ ಮೆರಿಲಿನ್ ವೋಸ್ ಸವಾಂಟ್ ಅಮೆರಿಕದ ಪರೇಡ್ ಪತ್ರಿಕೆಯಲ್ಲಿ ‘ಬದಲಾಯಿಸಿ’ ಅಂತ ಬರೆದಾಗ ಸುಮಾರು 10,000 ಪತ್ರ ಬಂದವು, ಜಾಸ್ತಿ ಜನ ತಪ್ಪು ಅಂತಲೇ ಬರೆದರು. ಗಣಿತಜ್ಞ ಪಾಲ್ ಎರ್ಡೋಶ್ ಅಂಥವರೇ ಕಂಪ್ಯೂಟರ್‌ನಲ್ಲಿ ಓಡಿಸಿ ತೋರಿಸುವ ತನಕ ಒಪ್ಪಲಿಲ್ಲ. ಮೊದಲ ಆಯ್ಕೆ 3ರಲ್ಲಿ 2 ಸಲ ತಪ್ಪಿರುತ್ತದೆ, ಆಗೆಲ್ಲ ಬದಲಾಯಿಸಿದರೆ ಕಾರು ಸಿಗುತ್ತದೆ. ಸೇಡಂ, ನಿಮ್ಮ ನಿರೂಪಕ ಬಾಗಿಲು ಹೇಗೆ ತೆರೆಯುತ್ತಾನೆ? ಆ ಸಾಲು ಹಾಕಿ.

ಸೇಡಂ ರಸ್ತೆ: ಉಳಿದ ಎರಡರಲ್ಲಿ ರ‍್ಯಾಂಡಮ್ ಆಗಿ ಒಂದು. ಕಾರೇ ಬಂದರೆ ಆ ಸುತ್ತು ಲೆಕ್ಕಕ್ಕೆ ಇಲ್ಲ, ಮುಂದಿನ ಸುತ್ತು. ಇದರಲ್ಲಿ ಹೇಳುವಂಥದ್ದು ಏನಿದೆ ಅಂತ ಬರೆಯಲಿಲ್ಲ.

ಆಳಂದ ನಾಕಾ: ಅಲ್ಲೇ ಇದೆ! ಕಾರು ಎಲ್ಲಿದೆ ಅಂತ ನಿಮ್ಮ ನಿರೂಪಕನಿಗೆ ಗೊತ್ತೇ ಇಲ್ಲ. 300 ಸುತ್ತು ಹಿಡಿಯಿರಿ. ಸುಮಾರು 100ರಲ್ಲಿ ನಿಮ್ಮ ಮೊದಲ ಬಾಗಿಲೇ ಸರಿ. ಉಳಿದ 200ರಲ್ಲಿ 100 ಸಲ ಅವನು ಕಾರನ್ನೇ ತೆರೆದುಬಿಡುತ್ತಾನೆ, ಅವನ್ನು ನೀವು ಬಿಸಾಡುತ್ತೀರಿ. ಬಿಸಾಡಿದ್ದೆಲ್ಲ ಬದಲಾಯಿಸಿದರೆ ಗೆಲ್ಲಬೇಕಿದ್ದ ಸುತ್ತುಗಳು. ಉಳಿಯುವುದು ಬದಲಾಯಿಸಿ ಗೆಲ್ಲುವ 100, ಬದಲಾಯಿಸಿ ಸೋಲುವ 100. ಅದಕ್ಕೇ 50.

ಬೀದರ್ ಕೋಟೆ: ಆದರೂ ಸೀಡ್ ಒಮ್ಮೆ ನೋಡಿ.

ಸೇಡಂ ರಸ್ತೆ: ನಿರೂಪಕ ಮೇಕೆ ಇರುವ ಬಾಗಿಲನ್ನೇ ತೆರೆಯುವ ಹಾಗೆ ಮಾಡಿದೆ. 66.7 ಬಂತು! ಆಮೇಲೆ ಮೂರು ಸ್ಟೀಲ್ ಲೋಟ ಬೋರಲು ಹಾಕಿ, ಒಂದರ ಕೆಳಗೆ ತೊಗರಿ ಕಾಳು ಇಟ್ಟು ಮಗಳ ಜೊತೆ 30 ಸಲ ಆಡಿದೆ. ಕಾಳು ಇಟ್ಟವಳು ಅವಳೇ, ಪ್ರತಿ ಸಲ ನೋಡಿ ಖಾಲಿ ಲೋಟವನ್ನೇ ಎತ್ತಿದಳು. ಬದಲಾಯಿಸಿ 21 ಸಲ ಗೆದ್ದೆ. ಆಳಂದ ಅವರೇ, ದೊಡ್ಡ ಉಪಕಾರ ಆಯಿತು.

ಶಹಾಪುರ ತೊಗರಿ: ನನಗಿನ್ನೂ ಒಪ್ಪಿಗೆ ಇಲ್ಲ. ರಾತ್ರಿ ನಾನೂ ಲೋಟ ಇಟ್ಟು ನೋಡುತ್ತೇನೆ.