ಅಕ್ಕನ ಲಿವರಲ್ಲಿ ಹೆಮಾಂಜಿಯೋಮಾ ಅಂತ ಸೋನೋಗ್ರಫಿಯಲ್ಲಿ ಬಂದಿದೆ, ಮುಂದೆ ಸಿಟಿನಾ ಎಂಆರ್‌ಐನಾ?

ಡೊಂಬಿವ್ಲಿ_ಉಡುಪಿ:
ಅಕ್ಕನಿಗೆ 43. ಗ್ಯಾಸ್ಟ್ರಿಕ್ ಅಂತ ಹೋದ್ರೆ ಡಾಕ್ಟ್ರು ಹೊಟ್ಟೆ ಸೋನೋಗ್ರಫಿ ಬರ್ದ್ಕೊಟ್ರು, ಈಗ ಲಿವರ್ ಬಲಭಾಗದಲ್ಲಿ 2.8 ಸೆಂಮೀ ಬೆಳ್ಳಗಿನ ಗಂಟು, ಹೆಮಾಂಜಿಯೋಮಾ (ರಕ್ತನಾಳಗಳ ಗಂಟು) ಇರಬಹುದು, ಸಿಟಿ ಅಥವಾ ಎಂಆರ್‌ಐ ಮಾಡಿಸಿ ಅಂತ ರಿಪೋರ್ಟು. ಡಾಪ್ಲರ್‌ನಲ್ಲಿ ರಕ್ತದ ಓಡಾಟ ಕಾಣಲಿಲ್ಲ ಅಂತಾನೂ ಇದೆ, ರಕ್ತನಾಳದ ಗಂಟಾದ್ರೆ ಕಾಣಬೇಕಲ್ವಾ? ಭಾವ ಟ್ಯೂಮರ್ ಅನ್ನೋ ಶಬ್ದ ಓದಿದ್ದೇ ತಡ ಸೀದಾ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಹೋಗೋಣ ಅಂತಿದ್ದಾರೆ. ಸೂಜಿ ಹಾಕಿ ತುಂಡು ತೆಗೆಸಿದ್ರೆ ಒಂದೇ ಸಲ ಗೊತ್ತಾಗಲ್ವಾ?

ಪುಣೆ_ಧಾರವಾಡ:
ಅಕ್ಕಾರ, ಮೊದಲ ಸೂಜಿ ಮಾತು ಬಿಡ್ರಿ. ಚುಚ್ಚಿದ್ರ ಒಳಗ ರಕ್ತ ಸೋರೋ ಅಪಾಯ ಇರ್ತದ, ಸ್ಕ್ಯಾನಿನ್ಯಾಗ ಕ್ಲಿಯರ್ ಕಂಡ್ರ ಬಯಾಪ್ಸಿ ಬೇಕಾಗಂಗಿಲ್ಲ. ನಾ ಇಲ್ಲೆ ಸಿಟಿ ಟೆಕ್ನಿಷಿಯನ್ ಇದ್ದೀನಿ. ಸಿಟಿ ಆದ್ರ ಟ್ರಿಪಲ್ ಫೇಸ್ ಅಂತ ಬರೆಸ್ಕೊಂಡ ಬರ್ರಿ, ಅಂದ್ರ ನರಕ್ಕ ಕಾಂಟ್ರಾಸ್ಟ್ ಔಷಧ ಕೊಟ್ಟು ಮೂರು ಸಲ ಚಿತ್ರ ತೆಗೀತಾರ, ಔಷಧ ಇಲ್ದ ಪ್ಲೇನ್ ಮಾಡ್ಸಿದ್ರ ರೊಕ್ಕ ದಂಡ, ಬರೇ ಮಸುಕು ಕಲಿ ಕಾಣ್ತದ. ಕಾಂಟ್ರಾಸ್ಟ್ ಹೋದಕೂಡ್ಲೆ ಮೈಯೆಲ್ಲಾ ಬಿಸಿ ಆಗ್ತದ, ಹೆದರಬ್ಯಾಡ್ರಿ. ಮೊದಲನೇ ಫೇಸ್‌ನ್ಯಾಗ ಗಂಟಿನ ಅಂಚಿಗೆ ಅಲ್ಲಲ್ಲೆ ಬಿಳಿ ಗುಳ್ಳಿ ಹಂಗ ಹೊಳಿತದ, ನಡುವ ಕಪ್ಪಗ, ಆಮ್ಯಾಲೆ ಆ ಬಿಳಿ ಸಾವಕಾಶ ಒಳಗ ಸರಕೋತ ಬಂದು ಕಡೀ ಡಿಲೇಡ್ ಫೇಸ್‌ನ್ಯಾಗ ತುಂಬ್ಕೊಂಡು ಹಂಗ ನಿಂತಿರ್ತದ. ಲಿವರ್ ಕ್ಯಾನ್ಸರ್ ಹೆಚ್ಚಾಗಿ ಉಲ್ಟಾ, ಲಗೂನ ಹೊಳೆದು ಲಗೂನ ಮಂಕಾಗ್ತದ. ಡಾಪ್ಲರ್ ವಿಷಯ ಅಂದ್ರ, ಒಳಗ ರಕ್ತ ಭಾಳ ನಿಧಾನ ಹರೀತದ್ರಿ, ಅದಕ್ಕ ಬಣ್ಣ ಬೀಳಂಗಿಲ್ಲ.

ಮಡಗಾಂವ್_ಕಾರವಾರ:
ನನ್ನ ಕೇಳಿದ್ರೆ ಎಂಆರ್‌ಐ. ರೇಡಿಯೇಶನ್ ಇಲ್ಲ, ಸಣ್ಣ ಗಂಟಿಗೂ ಅದೇ ವಾಸಿ, ಟಿ2 ಅನ್ನೋ ಒಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಲೈಟ್ ಬಲ್ಬ್ ಹತ್ತಿಸಿದ ಹಾಗೆ ಕಾಣ್ತದೆ. ಕೆಲವು ಕ್ಯಾನ್ಸರ್ ಗಂಟೂ ನೀರಿನ ಗುಳ್ಳೆಯೂ ಟಿ2ನಲ್ಲಿ ಹೊಳೀತವೆ, ಹಾಗಾಗಿ ಗ್ಯಾಡೋಲಿನಿಯಮ್ (ಎಂಆರ್‌ಐನ ಕಾಂಟ್ರಾಸ್ಟ್) ಕೊಟ್ಟೇ ಮಾಡಿಸಿ. ಟೆಕ್ನೀಶಿಯಮ್ ಅನ್ನೋ ವಿಕಿರಣ ವಸ್ತು ಹಚ್ಚಿದ ಕೆಂಪು ರಕ್ತಕಣದ ಸ್ಕ್ಯಾನ್ ಅಂತಾನೂ ಒಂದಿದೆ, ಈಗ ಅಷ್ಟಾಗಿ ಬರೆಯೋದಿಲ್ಲ. ಅದಿರಲಿ, ಅಕ್ಕನಿಗೆ ಹೆಪಟೈಟಿಸ್ ಬಿ, ಸಿರೋಸಿಸ್, ಹಿಂದೆ ಎಲ್ಲಾದ್ರೂ ಕ್ಯಾನ್ಸರ್ ಆಗಿದ್ದು ಉಂಟಾ? ಇದ್ರೆ ಸೋನೋಗ್ರಫಿ ಮಾತಿನ ಮೇಲೆ ಕೂರೋ ಹಾಗಿಲ್ಲ. ಏನೂ ಇಲ್ಲದಿದ್ರೆ ಭಾವನಿಗೆ ಸ್ವಲ್ಪ ತಡೀಲಿಕ್ಕೆ ಹೇಳಿ, ಲಿವರಲ್ಲಿ ಸಿಗೋ ನಿರುಪದ್ರವಿ ಗಂಟುಗಳಲ್ಲಿ ಇದೇ ಜಾಸ್ತಿ, ಅದೂ ಹೆಂಗಸರಲ್ಲಿ. ಗ್ಯಾಸ್ಟ್ರಿಕ್ಕಿಗೂ ಇದಕ್ಕೂ ಸಂಬಂಧ ಇರೋದು ಕಡಿಮೆ.

ಡೊಂಬಿವ್ಲಿ_ಉಡುಪಿ:
ಅಂಥದ್ದೇನೂ ಇಲ್ಲ, ಆದ್ರೆ ಹೆಪಟೈಟಿಸ್ ಟೆಸ್ಟೇ ಮಾಡಿಸಿಲ್ಲ, ಡಾಕ್ಟ್ರ ಹತ್ರ ಕೇಳ್ತೇನೆ. ಎಂಆರ್‌ಐದು ಒಂದೇ ಕಷ್ಟ, ಅಕ್ಕನಿಗೆ ಬಿಲ್ಡಿಂಗ್ ಲಿಫ್ಟಲ್ಲೇ ಉಸಿರು ಕಟ್ತದೆ.

ಪುಣೆ_ಧಾರವಾಡ:
ಹಂಗಿದ್ರ ಟ್ರಿಪಲ್ ಫೇಸ್ ಸಿಟಿ ಆಗಬಹುದೇನು ಅಂತ ಡಾಕ್ಟರ್‌ನ ಕೇಳ್ರಿ, 2.8 ಅಂದ್ರ ಅದ್ರಾಗೂ ಚಲೋ ಕಾಣ್ತದ. ಕ್ರಿಯಾಟಿನಿನ್ (ಕಿಡ್ನಿ ಟೆಸ್ಟ್) ರಿಪೋರ್ಟ್ ತಗೊಂಡ ಹೋಗ್ರಿ, ಹಿಂದ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿದ್ರ ಮೊದಲ ಹೇಳ್ರಿ. ಸೋನೋಗ್ರಫಿ ಫಿಲ್ಮೂ ಜೋಡಿ ಇರ್ಲಿ, ಬರೇ ರಿಪೋರ್ಟ್ ಹಾಳಿ ಸಾಲಂಗಿಲ್ಲ.