ಡಿಂಗಿ ಎಳೆಯೋದಾ, ಡೆಕ್ ಮೇಲೆ ಕಟ್ಟೋದಾ? ಸ್ಕಿಪ್ಪರ್ ಜತೆ ಪ್ರಶ್ನೋತ್ತರ

ಪ್ರದೀಪ್, ಮೂಡಿಗೆರೆ: ಸರ್, ಡಿಸೆಂಬರಲ್ಲಿ 36 ಅಡಿ ಹಾಯಿದೋಣಿಯಲ್ಲಿ ಮಂಗಳೂರಿಂದ ಕೊಚ್ಚಿಗೆ ಹೊರಟಿದ್ದೀವಿ. ಜತೆಗೆ ಗಾಳಿ ತುಂಬೋ ಡಿಂಗಿ (ಪುಟ್ಟ ದೋಣಿ) ಇದೆ, 2.7 ಮೀಟರ್. ಮೋಟಾರ್ ಸಮೇತ ಹಿಂದೆ ಕಟ್ಟಿ ಎಳೀಬಹುದಾ?

ಸ್ಕಿಪ್ಪರ್: ಬೇಡ. ಹೊರಕಡಲಲ್ಲಿ ಅಲೆ ಎದ್ರೆ ಡಿಂಗಿ ಜಾರಿ ಬಂದು ದೋಣಿ ಹಿಂಬದಿಗೆ ಗುದ್ದುತ್ತೆ, ಇಲ್ಲಾ ಮಗುಚುತ್ತೆ. ನೀರು ತುಂಬಿದ ಮೇಲೆ ಜಗ್ಗಿ ಜಗ್ಗಿ ಮೂತಿಯಲ್ಲಿ ಹಗ್ಗ ಕಟ್ಟೋ ಡಿ-ರಿಂಗ್ ಪ್ಯಾಚೇ ಕಿತ್ತು ಬರುತ್ತೆ. ಹಗ್ಗ ಸಡಿಲಾಗಿ ಪ್ರೊಪೆಲ್ಲರ್‌ಗೆ ಸುತ್ತಿದ್ರೆ ಎಂಜಿನ್ನೂ ಹೋಯ್ತು. ಮೋಟಾರ್ ಬಿಚ್ಚಿ ಹಿಂದಿನ ಕಂಬಿಯ ಬ್ರಾಕೆಟ್‌ಗೆ ಹಾಕಿ. ಡಿಂಗಿ ಗಾಳಿ ಬಿಟ್ಟು ಸುತ್ತಿ ಲಾಕರ್‌ಗೆ. ಜಾಗ ಇಲ್ದಿದ್ರೆ ಮುಂದಿನ ಡೆಕ್ ಮೇಲೆ ಬೋರಲು ಹಾಕಿ 8 ಎಂಎಂ ಪಾಲಿಯೆಸ್ಟರ್ ಹಗ್ಗದಲ್ಲಿ ನಾಲ್ಕೂ ಮೂಲೆ ಬಿಗೀರಿ; ನೈಲಾನ್ ಹಿಗ್ಗುತ್ತೆ. ಕಟ್ಟೋ ಕೊಂಡಿಗೆ ಡೆಕ್ ಕೆಳಗೆ ಪ್ಲೇಟ್ ಇಟ್ಟು ಬೋಲ್ಟ್ ಹಾಕಿರಬೇಕು. ಮುಂದಿನ ಹ್ಯಾಚ್ (ಡೆಕ್ ಮೇಲಿನ ಬಾಗಿಲು) ಮುಚ್ಚಿಹೋಗಬಾರದು, ಒಳಗಿರೋರು ತಪ್ಪಿಸಿಕೊಳ್ಳೋ ದಾರಿ ಅದು.

ಸುಮಾ, ಹಾಸನ: ಡಿಂಗಿ ಇದ್ಮೇಲೆ, ದೋಣಿ ಮುಳುಗಿದ್ರೆ ಹತ್ತೋ ತುರ್ತು ತೆಪ್ಪ ಅಂದ್ರೆ ಲೈಫ್‌ರಾಫ್ಟ್ ಬೇಕಾ ಸರ್?

ಸ್ಕಿಪ್ಪರ್: ಬೇಕು.

ರೇಖಾ, ಚಿಕ್ಕಮಗಳೂರು: ಮನೇಲಿ ಡಿಂಗಿಗೆ 0.25 ಬಾರ್ ಒತ್ತಡಕ್ಕೆ ಗಾಳಿ ತುಂಬಿಸಿ ಟ್ರೈಲರಲ್ಲಿ ಚಾರ್ಮಾಡಿ ಇಳಿಸಿದ್ರೆ ಮಂಗಳೂರಲ್ಲಿ ಮೆತ್ತಗಾಗಿರುತ್ತೆ. ತೂತು ಸಿಗ್ತಿಲ್ಲ.

ಸ್ಕಿಪ್ಪರ್: ತೂತೇ ಇಲ್ಲ ಮೇಡಂ. ನಿಮ್ಮ ಊರು ಸಮುದ್ರಕ್ಕಿಂತ ಸುಮಾರು ಸಾವಿರ ಮೀಟರ್ ಎತ್ತರ, ಹೊರಗಿನ ಒತ್ತಡ ಸುಮಾರು 0.9 ಬಾರ್. ಮಂಗಳೂರಲ್ಲಿ 1.01. ಗೇಜ್ ತೋರಿಸೋದು ಒಳಗಿನ, ಹೊರಗಿನ ಒತ್ತಡದ ವ್ಯತ್ಯಾಸ ಮಾತ್ರ. ಒಳಗಿನ ಗಾಳಿ ಅಷ್ಟೇ ಇದ್ರೂ ಗೇಜ್ 0.14ರ ಹತ್ತಿರ ಇಳಿಯುತ್ತೆ, ಕರಾವಳಿ ಸೆಕೆ ಅದನ್ನ ಸ್ವಲ್ಪ ಏರಿಸುತ್ತೆ. ಕೆಳಗೆ ಹೋಗಿ ಗೇಜ್ ನೋಡಿ ತುಂಬಿಸಿ. ನನಗೆ ಚಿಂತೆ ವಾಪಸ್ ಬರೋವಾಗಿನದು. ಅಲ್ಲಿ ತುಂಬಿಸಿದ 0.25 ಹಾಗೇ ಘಾಟಿ ಹತ್ತಿದ್ರೆ 0.36 ಆಗುತ್ತೆ, ಮೇಲೆ ಬಿಸಿಲು ಬಿದ್ರೆ ಇನ್ನೂ ಜಾಸ್ತಿ. ಅಂಟಿಸಿದ ಸೀಮ್ (ಜೋಡಣೆ) ಬಿಡೋದು ಹೀಗೇ. ಹತ್ತೋ ಮುಂಚೆ ವಾಲ್ವ್ ಒತ್ತಿ ಮೆತ್ತಗೆ ಮಾಡ್ಕೊಳ್ಳಿ.

ಲೋಕೇಶ್, ಬೇಲೂರು: ಸೀಮ್ ಬಿಟ್ರೆ ಪೆಟ್ರೋಲಲ್ಲಿ ಒರೆಸಿ ಸೈಕಲ್ ಪಂಕ್ಚರ್ ಸಲ್ಯೂಷನ್ ಹಚ್ಚಿ ಅಂತ ವಾಟ್ಸಾಪಲ್ಲಿ ಬಂದಿದೆ.

ಸ್ಕಿಪ್ಪರ್: ಈ ಫಾರ್ವರ್ಡ್‌ಗಳನ್ನ ಇಲ್ಲಿ ಹಾಕ್ಬೇಡಿ ದಯವಿಟ್ಟು. ಡಿಂಗಿ ಮೈ ಪಿವಿಸಿ ಪ್ಲಾಸ್ಟಿಕ್ ಇರುತ್ತೆ, ಇಲ್ಲಾ ಹೈಪಲಾನ್ ಅನ್ನೋ ರಬ್ಬರ್. ಪಿವಿಸಿಗೆ ಬೆರೆಸಿ ಹಚ್ಚೋ ಎರಡು ಭಾಗದ ಪಾಲಿಯುರೆಥೇನ್ ಅಂಟು, ಹೈಪಲಾನ್‌ಗೆ ನಿಯೊಪ್ರೀನ್ ಅಂಟು. ಸೈಕಲ್ ಸಲ್ಯೂಷನ್ ಪಿವಿಸಿ ಮೇಲಿಂದ ಸಿಪ್ಪೆ ಥರ ಎದ್ದು ಬರುತ್ತೆ.

ಲೋಕೇಶ್: ಸರಿ ಬಿಡಿ. ಪ್ರದೀಪಣ್ಣ, ದೋಣಿ ಹಿಂದೆ ಡೇವಿಟ್ (ಡಿಂಗಿ ನೇತುಹಾಕೋ ಕಬ್ಬಿಣದ ತೋಳು) ಹಾಕ್ಸಿ ನೇತುಹಾಕಿ, ತಲೆನೋವೇ ಇರಲ್ಲ.

ಹರೀಶ್, ಸಕಲೇಶಪುರ: ಹಿಂದಿನಿಂದ ಒಂದು ಅಲೆ ಡಿಂಗಿ ಒಳಗೆ ಬಿದ್ರೆ ಕಾಲು ಟನ್ ನೀರು. ಡೇವಿಟ್ಟೇ ಕಿತ್ತು ಹೋಗುತ್ತೆ.

ಲೋಕೇಶ್: ಡ್ರೈನ್ ಪ್ಲಗ್ ತೆಗೆದಿಟ್ರೆ ಖಾಲಿ ಆಗುತ್ತಲ್ಲ ಸ್ವಾಮಿ.

ಹರೀಶ್: 25 ಎಂಎಂ ತೂತಲ್ಲಿ 250 ಲೀಟರ್ ಖಾಲಿಯಾಗೋಕೆ ಎಷ್ಟು ನಿಮಿಷ, ಲೆಕ್ಕ ಹಾಕಿ. ಅಷ್ಟರಲ್ಲಿ ಮುಂದಿನ ಅಲೆ. ಇದು ಗೊರೂರು ಹಿನ್ನೀರಲ್ಲ.

ಲೋಕೇಶ್: ನೀವೇನು ಸಮುದ್ರದಲ್ಲೇ ಹುಟ್ಟಿದ್ದಾ?

ನವೀನ್, ಅರಸೀಕೆರೆ: ಮಂಗಳೂರಲ್ಲಿ ಡಿಂಗಿ ಬಾಡಿಗೆಗೆ ಸಿಗುತ್ತಾ?

ಸುಮಾ: ಲೈಫ್‌ರಾಫ್ಟ್ ಯಾಕೆ ಅಂತ ಹೇಳ್ಲಿಲ್ಲ ಸರ್.

ಸ್ಕಿಪ್ಪರ್: ತಾನೇ ಉಬ್ಬುತ್ತೆ, ಮೇಲೆ ಚಾವಣಿ ಇದೆ, ಕೆಳಗೆ ಮಗುಚದಂತೆ ನೀರಿನ ಚೀಲ ಇದೆ. ಡಿಂಗಿಗೆ ಮೂರೂ ಇಲ್ಲ. ಲೋಕೇಶ್, ಹರೀಶ್, ಜಗಳ ಬೇರೆ ಕಡೆ ಮಾಡ್ಕೊಳ್ಳಿ. ಡೇವಿಟ್ ವಿಷಯದಲ್ಲಿ ಹರೀಶ್ ಹೇಳಿದ್ದೇ ಸರಿ.