ಸಹಾಯ ಬೇಕು: ಮೆಸ್ಕೀಟ್‌ನಲ್ಲಿ ಗಾಲ್ಫ್ + ಕ್ಯಾಸಿನೊ, ಕಡಿಮೆ ಖರ್ಚಲ್ಲಿ
ನಮಸ್ಕಾರ, ನಾವು ಲಾಸ್ ಏಂಜಲೀಸ್ ಕಡೆ ನಾಲ್ಕು ಜನ ಫ್ರೆಂಡ್ಸ್, ಜೂನ್‌ನಲ್ಲಿ ಮೂರು ದಿನ ಗಾಲ್ಫ್ ಆಡ್ಕೊಂಡು ರಾತ್ರಿ ಸ್ವಲ್ಪ ಕ್ಯಾಸಿನೊ ನೋಡ್ಕೊಂಡು ಬರೋ ಪ್ಲಾನು. ವೇಗಸ್ ಸಾಕಪ್ಪಾ ಅನ್ಸಿದೆ, ಹೋದ್ಸಲ ರೂಮ್ ಚೀಪ್ ಅಂತ ಬುಕ್ ಮಾಡಿದ್ರೆ ಚೆಕ್‌ಇನ್ ಕೌಂಟರಲ್ಲಿ ರೆಸಾರ್ಟ್ ಫೀ ಅಂತ ಬಾಡಿಗೆಯಷ್ಟೇ ದುಡ್ಡು ಮತ್ತೆ ಕಿತ್ಕೊಂಡ್ರು. ಅದಕ್ಕೆ ವೇಗಸ್‌ನಿಂದ ಐ-15 ಹೈವೇಲಿ ಸುಮಾರು 80 ಮೈಲಿ ಮುಂದೆ, ಅರಿಜೋನಾ ಗಡೀಲಿರೋ ಮೆಸ್ಕೀಟ್ ನೋಡ್ತಿದ್ದೀವಿ, ಅಲ್ಲಿ ಕಾಸಾಬ್ಲಾಂಕಾ ಅನ್ನೋ ರೆಸಾರ್ಟಲ್ಲಿ ರೂಮು ಕ್ಯಾಸಿನೊ ಗಾಲ್ಫು ಮೂರೂ ಇದೆ. ಬಿಸಿಲು 40 ಡಿಗ್ರಿ ದಾಟತ್ತೆ ಗೊತ್ತು, ಬೆಳಿಗ್ಗೆ 6ಕ್ಕೇ ಟೀ ಟೈಮ್ (ಆಟ ಶುರು ಮಾಡೋ ಸ್ಲಾಟ್) ಹಿಡಿದ್ರೆ ಬಿಸಿಲೇರೋ ಮುಂಚೆ 18 ಹೋಲ್ ಮುಗಿಯತ್ತಾ, ಇಲ್ಲಾ ಸಂಜೆ ಹೊತ್ತಿನ ಕಡಿಮೆ ರೇಟು, ಟ್ವೈಲೈಟ್ ರೇಟೇ ವಾಸೀನಾ? ವಾರದ ಮಧ್ಯೆ ಸ್ಟೇ ಅಂಡ್ ಪ್ಲೇ (ರೂಮು ಗಾಲ್ಫು ಸೇರಿರೋ) ಪ್ಯಾಕೇಜ್ ತಗೊಂಡೋರಿದ್ರೆ ಗಾಲ್ಫ್ ಕಾರ್ಟ್ ಸೇರಿ ತಲೆಗೆ ಎಷ್ಟು ಬಿತ್ತು ಹೇಳಿ. ಇಬ್ರು ವೆಜ್ ಇದಾರೆ, ರೈಸ್ ಕುಕ್ಕರ್ ಪುಳಿಯೋಗರೆ ಗೊಜ್ಜು ಹೇಗೂ ಡಿಕ್ಕೀಲಿರತ್ತೆ.